ಹುಣಸಿಗಡ್ಡಿಯ ವಾಕಿಗೆ ಚಾರ್ಜು

ಕೂತವರು ಕೂತಲ್ಲೇ ಕೇಳಿ, ನಿಂತವರು ನಿಂತಲ್ಲೇ ಕೇಳಿ. ನಗು ಬಂದರೆ ನಕ್ಕುಬಿಡಿ. ಆದರೆ ಹುಲಿಗೆಮ್ಮನ ಎದುರಿಗೆ ಮಾತ್ರ ಬೇಡ. ಮಗ ಯಮನೂರನನ್ನು ಬೈಯುವ ಹಕ್ಕು ಊರಿನಲ್ಲಿ ಅವಳೊಬ್ಬಳದೇ.

ಕೃಷ್ಣಾ ಹೊಳೆ ಎರಡು ಸೀಳಾಗಿ ಹರಿಯುವಲ್ಲಿ, ನಟ್ಟನಡುವೆ ಹುಣಸಿಗಡ್ಡಿ ಎಂಬ ನಡುಗಡ್ಡೆ. ಇಪ್ಪತ್ತು ಮನೆ, ಸುತ್ತ ನೀರು. ಹೊಳೆ ತುಂಬಿದರೆ ಹರಿಗೋಲು ಹಾಕುವಂತಿಲ್ಲ, ದಾಟುವಂತಿಲ್ಲ. ಅದಕ್ಕೇ ತಾಲೂಕು ಕಚೇರಿಯವರು ಎರಡು ವಾಕಿಟಾಕಿ ಕೊಟ್ಟಿದ್ದರು. ಒಂದು ಆಚೆ ದಂಡೆಯಲ್ಲಿ ಯಂತ್ರದ ಬೋಟು ನಡೆಸುವ ಸಣ್ಣೆಪ್ಪನ ಕೈಗೆ. ಇನ್ನೊಂದು ನಮ್ಮ ಹುಲಿಗೆಮ್ಮನ ಕೈಗೆ. ಅವಳಿಗೇ ಏಕೆ ಅಂತೀರಾ? ಗಡ್ಡಿಯ ಮಕ್ಕಳೆಲ್ಲ ಹುಟ್ಟಿದ್ದು ಅವಳ ಕೈಯಲ್ಲಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೆರಗು ಸರಿಮಾಡಿಕೊಂಡು ಗುಂಡಿ ಒತ್ತುತ್ತಿದ್ದಳು. "ಹುಣಸಿಗಡ್ಡಿ ಆರಾಮ ಐತಿ. ಓವರ್." ಆ ಓವರ್ ಅನ್ನುವಾಗ ಅವಳ ಮುಖ ನೋಡಬೇಕಿತ್ತು. ಪಂಚಾಯ್ತಿ ಅಧ್ಯಕ್ಷರಿಗೂ ಅಷ್ಟು ಬಿಗುಮಾನವಿರಲಿಲ್ಲ.

ಎಲ್ಲಾ ಸರಿ, ಮಗನೊಬ್ಬ ಹೀಗಿದ್ದ. ಇಪ್ಪತ್ತಾರು ವರ್ಷ, ಕಿವಿತನಕ ಮೀಸೆ, ಜೋಳದ ಚೀಲ ಒಬ್ಬನೇ ಹೊರುತ್ತಿದ್ದ. ಏನು ಹೇಳಿದರೂ ಮಾಡುತ್ತಿದ್ದ. ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತಿದ್ದ, ತೊಂದರೆ ಅಲ್ಲೇ. ಹಾಲು ಉಕ್ಕತೈತಿ ನೋಡು ಅಂದರೆ, ಉಕ್ಕಿ ಒಲೆ ಆರುವ ತನಕ ನೋಡುತ್ತಾ ಕೂತಿದ್ದ ಪುಣ್ಯಾತ್ಮ. "ಇವನ್ನ ಯಾವ ಗಳಿಗ್ಯಾಗ ಹಡದ್ನೋ" ಎಂದು ಹುಲಿಗೆಮ್ಮ ಹಣೆ ಬಡಿದುಕೊಳ್ಳುತ್ತಿದ್ದಳು.

ಆ ವರ್ಷ ಹೊಳೆ ಬಂತು ನೋಡಿ, ಕರೆಂಟಿನ ಕಂಬಗಳನ್ನೇ ಕಿತ್ತುಕೊಂಡು ಹೋಯಿತು. ಈ ದಂಡೆಗೂ ಕರೆಂಟಿಲ್ಲ, ಆ ದಂಡೆಗೂ ಇಲ್ಲ. ಟವರ್ ಸತ್ತು ಮೊಬೈಲುಗಳೂ ಮೂಕವಾದವು. ಇಂಥ ಹೊತ್ತಿನಲ್ಲಿ ಪಕ್ಕದ ಮನೆ ಸೊಸೆ ನೀಲಮ್ಮನಿಗೆ ದಿನ ತುಂಬಿತ್ತು. ಹುಲಿಗೆಮ್ಮ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ಮಲಗಿತ್ತು. ಇದು ತನ್ನ ಕೈ ಮೀರಿದ್ದು, ದವಾಖಾನೆಯೇ ಗತಿ.

ಸಣ್ಣೆಪ್ಪನಿಗೆ ವಾಕಿಯಲ್ಲಿ ಹೇಳಿದಳು. ಅವನೆಂದ, "ಅಕ್ಕಾ, ಹೊಳಿ ಭಾಳ ಸೊಕ್ಕಿನ್ಯಾಗ ಐತಿ. ಸುಮ್‌ಸುಮ್ಕ ಬೋಟ್ ಹಾಕಾಂಗಿಲ್ಲ. ಬ್ಯಾನಿ ಸುರುವಾದ ಕೂಡ್ಲೆ ಹೇಳು, ಜೀವದ ಆಸೆ ಬಿಟ್ಟು ಬರ್ತೀನಿ. ಓವರ್."

ಅಂದರೆ ನೀಲಮ್ಮ ಉಳಿಯಬೇಕಾದರೆ ಬೋಟು ಬರಬೇಕು. ಬೋಟು ಬರಬೇಕಾದರೆ ವಾಕಿ ಮಾತಾಡಬೇಕು. ವಾಕಿ ಮಾತಾಡಬೇಕಾದರೆ ಚಾರ್ಜು ಬೇಕು. ಇದ್ದದ್ದು ಎರಡು ಬ್ಯಾಟರಿ, ಅದರಲ್ಲೊಂದು ಆಗಲೇ ಖಾಲಿ.

ಹುಲಿಗೆಮ್ಮ ಮಗನನ್ನು ಕರೆದಳು. "ಯಮನ್ಯಾ, ಸಾಲಿ ಮ್ಯಾಲ ಸೋಲಾರ್ ಐತಲ್ಲ, ಬಿಸಿಲಿನ್ಯಾಗ ಚಾರ್ಜ್ ಆಗತೈತಿ. ಈ ಬ್ಯಾಟ್ರಿಗಿ ಚೊಲೋತ್ನಾಗಿ ಬಿಸಿಲು ಕುಡಿಸ್ಕೊಂಡು ಬಾ."

ಯಮನೂರ ಹೋದ. ಶಾಲೆಯ ಮಾಳಿಗೆ ಹತ್ತಿದ. ಅಲ್ಲಿ ಯಾರೋ ಮೆಣಸಿನಕಾಯಿ ಒಣಹಾಕಿದ್ದರು. ಅದರ ಮಗ್ಗುಲಿಗೆ ಬ್ಯಾಟರಿ ಇಟ್ಟ. ಒಂದು ತಾಸು ಈ ಮೈ, ಒಂದು ತಾಸು ಆ ಮೈ ಹೊರಳಿಸಿದ. ಸಂಜೆಗೆ ಅಂಗಿಯ ಚುಂಗಿನಲ್ಲಿ ಹಿಡಿದು ತಂದ, ಕೈಗೆ ಸುಡುತ್ತಿತ್ತು.

"ಕುಡದೈತಿ ಯವ್ವಾ. ಹೊಟ್ಟಿ ಬಿರಿಯಂಗ ಕುಡದೈತಿ."

"ಏ ಖೋಡಿ, ಬ್ಯಾಟ್ರಿ ಏನು ಹಪ್ಪಳೇನೋ ಒಣಗ್ಸಾಕ? ವಾಯರು ಹಚ್ಚಬೇಕು. ಮತ್ತ ಬ್ಯಾಟ್ರಿ ಕಾಯಬಾರದು, ಕಾದ್ರ ಹಾಳಾಗತೈತಿ. ಚಾರ್ಜ್ ಆದಮ್ಯಾಲ ತಂಪಿನ್ಯಾಗ ಇಟಗೊಂಡು ಬರಬೇಕು. ತಿಳೀತೇನು?"

"ತಿಳೀತವ್ವಾ. ವಾಯರು ಹಚ್ಚೂದು, ತಂಪಿನ್ಯಾಗ ಇಟಗೊಂಡು ಬರೂದು."

ಮರುದಿನ ಮೋಡ ಮುಚ್ಚಿತು, ಸೋಲಾರಿನ ಆಟ ಮುಗಿಯಿತು. ಅಮರೇಗೌಡರ ಟ್ರ್ಯಾಕ್ಟರಿನ ಬ್ಯಾಟರಿಯಿಂದಲೂ ಚಾರ್ಜ್ ಆಗುತ್ತದೆಂದು ಯಾರೋ ಹೇಳಿದರು. ಯಮನೂರ ಹೋದ. ಗೌಡರೇ ವಾಯರು ಹಚ್ಚಿಕೊಟ್ಟರು. ಎರಡು ತಾಸು ಕಾದ, ಚಾರ್ಜರಿನ ಕೆಂಪು ದೀಪ ಹಸಿರಾಯಿತು. ಬ್ಯಾಟರಿ ಭರ್ತಿ. ಅಲ್ಲಿಗೆ ಬಿಟ್ಟಿದ್ದರೆ ನಮ್ಮ ಕತೆಯೂ ಮುಗಿಯುತ್ತಿತ್ತು. ಆದರೆ ತಂಪು ಎಲ್ಲಿದೆ? ಗೌಡರ ಮನೆಯಲ್ಲಿ ತಂಬಿಗೆ ಇಸಕೊಂಡ, ಜಗಲಿಕಟ್ಟೆಯ ಮೇಲಿದ್ದ ಮಣ್ಣಿನ ಗಡಿಗೆಯಿಂದ ತಣ್ಣೀರು ತುಂಬಿದ, ಬ್ಯಾಟರಿ ಮುಳುಗಿಸಿದ, ಒಂದು ಹನಿ ಚೆಲ್ಲದ ಹಾಗೆ ಮನೆಗೆ ತಂದ.

ಹುಲಿಗೆಮ್ಮ ತಂಬಿಗೆಯೊಳಗೆ ನೋಡಿದಳು. ಆ ಬ್ಯಾಟರಿಯನ್ನು ಅಕ್ಕಿಯಲ್ಲಿ ಹುಗಿದಿಟ್ಟರು, ಬೂದಿಯಲ್ಲಿ ಹುಗಿದಿಟ್ಟರು, ಅದು ಏಳಲೇ ಇಲ್ಲ.

"ನಿನ್ನ ತಲ್ಯಾಗ ಏನೈತೋ ಯಮನ್ಯಾ? ಹಿಂಗ ಮಾಡ್ತೀನಿ ಅಂತ ಮೊದಲ ಒಂದು ಮಾತು ಹೇಳಬಾರದಾ? ಇನ್ನ ಮ್ಯಾಲೆ ಏನ ಮಾಡಿದ್ರೂ ಹೇಳಿ ಮಾಡು."

"ಆತವ್ವಾ. ಏನ ಮಾಡಿದ್ರೂ ಹೇಳಿ ಮಾಡ್ತೀನಿ."

ಈಗ ಉಳಿದದ್ದು ವಾಕಿಯೊಳಗಿನ ಒಂದೇ ಬ್ಯಾಟರಿ. ಅದನ್ನೇ ಗೌಡರ ಟ್ರ್ಯಾಕ್ಟರಿಗೆ ಹಚ್ಚಿ ತುಂಬಿಸಿಕೊಂಡು ಬಾ ಎಂದು ವಾಕಿ ಸಮೇತ ಕಳಿಸಿದಳು. ಒದ್ದೆ ಮಾಡಬೇಡ ಎಂದು ಮೂರು ಸಲ ಹೇಳಿದಳು. ಯಮನೂರ ತುಂಬಿಸಿದ. ಒದ್ದೆ ಮಾಡಲಿಲ್ಲ. ವಾಕಿಗೆ ಬ್ಯಾಟರಿ ಕೂಡಿಸಿ ಹೊರಟವನಿಗೆ ಅವ್ವನ ಮಾತು ನೆನಪಾಯಿತು. ಏನು ಮಾಡಿದರೂ ಹೇಳಿ ಮಾಡಬೇಕು. ಹೇಳಲಿಕ್ಕೇ ಅಲ್ಲವೇ ಕಚೇರಿಯವರು ಇದನ್ನು ಕೊಟ್ಟದ್ದು? ಗುಂಡಿ ಒತ್ತಿದ.

"ಸಣ್ಣೆಪ್ಪ ಕಾಕಾ, ಈಗ ಗೌಡ್ರ ಮನಿ ಹೊಸ್ತಲ ದಾಟಾಕತ್ತೀನಿ. ಓವರ್."

"ದಾಟಪಾ. ಓವರ್."

"ಕಾಕಾ, ಈಗ ಚಪ್ಪಲಿ ಮೆಟ್ಟಾಕತ್ತೀನಿ. ಎಡಗಾಲಿಂದು. ಓವರ್."

"ಬಲಗಾಲಿಂದೂ ಮೆಟ್ಟಪಾ, ನನ್ನ ಕೆಲಸ ಮಾಡಾಕ ಬಿಡು. ಓವರ್."

ಬೇವಿನ ಗಿಡ ಬಂತು, ಹೇಳಿದ. ಗೌಡರ ಎಮ್ಮೆ ಎದುರಾಯಿತು, ಹೇಳಿದ. ಕೆಮ್ಮು ಬಂದೀತು ಅನಿಸಿತು, ಅದನ್ನೂ ಮುಂಚೆ ಹೇಳಿ ಆಮೇಲೆ ಕೆಮ್ಮಿದ. ನೀಲಮ್ಮನ ವಿಷಯ ಇರಬಹುದೆಂದು ಸಣ್ಣೆಪ್ಪ ಪ್ರತಿಸಲವೂ ಉತ್ತರ ಕೊಡಲೇಬೇಕಾಯಿತು. ಮನೆ ಮುಟ್ಟುವಾಗ ವಾಕಿಯಲ್ಲಿ ಉಳಿದದ್ದು ಒಂದು ಗೀಟು ಚಾರ್ಜು. ಗೌಡರ ಟ್ರ್ಯಾಕ್ಟರಿನ ಬ್ಯಾಟರಿಯೂ ಅಷ್ಟರಲ್ಲಿ ಕೈಯೆತ್ತಿತ್ತು.

"ಕುಲಗೇಡಿ, ಮಾತಾಡಿದ್ರ ಚಾರ್ಜ್ ಹೋಗತೈತೋ" ಅಂದಳು ಹುಲಿಗೆಮ್ಮ. ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು ಅವಳ ದನಿಯಲ್ಲಿ. "ನೀಲಿ ಜೀವ ಐತೋ ಇದರಾಗ. ಆಫ್ ಮಾಡು. ಆಫ್ ಮಾಡಿ ಇಟಗೋ. ನಾ ಆನ್ ಮಾಡು ಅನ್ನೂತನಕ ಆನ್ ಮಾಡಿದ್ಯೋ, ನಿನ್ನ ಈ ಮನ್ಯಾಗ ಇಟಗೊಳ್ಳಾಂಗಿಲ್ಲ."

ಅವ್ವನ ಕಣ್ಣಲ್ಲಿ ನೀರು ಯಮನೂರ ಮೊದಲ ಸಲ ನೋಡಿದ್ದು. ಅವನಿಗೂ ಸಂಕಟವಾಯಿತು. ವಾಕಿ ಆಫ್ ಮಾಡಿ ಎದೆಗೆ ಅವಚಿಕೊಂಡು ಕೂತ.

ಮರುದಿನ ಬೆಳಿಗ್ಗೆ ನೀಲಮ್ಮನಿಗೆ ಬೇನೆ ಶುರುವಾಯಿತು. ಹುಲಿಗೆಮ್ಮ ಅವಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಎದ್ದು ಬರುವಂತಿಲ್ಲ. ಒಳಗಿನಿಂದಲೇ ಕೂಗಿದಳು. "ಯಮನ್ಯಾ, ವಾಕಿ ತಗೊಂಡು ದಂಡಿಗಿ ಓಡು. ನೀಲಮ್ಮಗ ಬ್ಯಾನಿ, ಬೋಟ್ ತರ್ರಿ ಅನ್ನು. ಬಾಯಾಗ ಗೊಣಗೊಣ ಅನಬ್ಯಾಡ, ಆಚಿ ದಂಡ್ಯಾಗ ಇದ್ದವ್ರಿಗಿ ಕೇಳಂಗ ಹೇಳು."

ಆನ್ ಮಾಡು ಅಂದಳೇ? ಅನ್ನಲಿಲ್ಲ.

ಯಮನೂರ ಓಡಿದ. ದಂಡೆಯ ಬಂಡೆಯ ತುದಿಗೆ ನಿಂತ. ಆಫ್ ಆದ ವಾಕಿಯನ್ನು ಬಾಯಿಗೆ ಹಿಡಿದ, ಗುಂಡಿ ಒತ್ತಿದ, ಎದೆತುಂಬ ಉಸಿರು ಎಳೆದುಕೊಂಡ. ಆಚೆ ದಂಡೆಯವರಿಗೆ ಕೇಳಬೇಕಲ್ಲ.

"ನೀಲಮ್ಮಗ ಬ್ಯಾನೀ... ಬೋಟ್ ತರ್ರೀ... ಓವರ್!"

ಗಿಡದ ಮೇಲಿನ ಕೊಕ್ಕರೆಗಳೆಲ್ಲ ಎದ್ದವು. ಹೊಳೆಯ ಸದ್ದನ್ನು ಮೀರಿ ಆ ಕೂಗು ಹೋಯಿತು. ಉತ್ತರ ಬರಲಿಲ್ಲವೆಂದು ಇನ್ನೊಮ್ಮೆ ಕೂಗಿದ, ಮತ್ತೊಮ್ಮೆ ಕೂಗಿದ. ಪ್ರತಿಸಲವೂ ಓವರ್ ಅಂದ, ಕ್ರಮ ತಪ್ಪಲಿಲ್ಲ. ಮೂರನೆಯ ಓವರಿಗೆ ಆಚೆಯಿಂದ ಬೋಟಿನ ಯಂತ್ರ ಗುಡುಗಿತು.

ನೀಲಮ್ಮನನ್ನು ಬೋಟಿಗೆ ಹತ್ತಿಸುವಾಗ ಹುಲಿಗೆಮ್ಮ ವಾಕಿ ಇಸಕೊಂಡು ನೋಡಿದಳು. "ಇದು ಆಫ್ ಐತಲ್ಲೋ."

"ಹೂನವ್ವಾ. ಒಂದು ಗೀಟು ಇತ್ತು, ಒಂದು ಗೀಟು ಹಂಗ ಐತಿ. ಒಂದು ಕಾಳಷ್ಟೂ ಖರ್ಚು ಮಾಡಿಲ್ಲ."

ಹುಲಿಗೆಮ್ಮ ಬೈಯಲಿಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಸಣ್ಣೆಪ್ಪ ಹಗ್ಗ ಬಿಚ್ಚುತ್ತಾ ಹೇಳಿದ, "ಅಕ್ಕಾ, ಆನ್ ಇದ್ರೂ ಅಷ್ಟ, ಆಫ್ ಇದ್ರೂ ಅಷ್ಟ. ನಿನ್ನ ಮಗನ ಚಪ್ಪಲಿ ಕತಿ ಕೇಳಿ ಕೇಳಿ ನನ್ನ ವಾಕಿ ನಿನ್ನೇನ ಸತ್ತೈತಿ. ಇವನ ಕೂಗು ಒಂದು ಇರಲಿಲ್ಲಂದ್ರ..." ಹುಲಿಗೆಮ್ಮ ಬೈಗುಳ ಬಿಟ್ಟು ವಾಕಿಯನ್ನು ಮತ್ತೆ ಮಗನ ಕೈಗೇ ಕೊಟ್ಟಳು.

ನೀಲಮ್ಮ ಹೆಣ್ಣು ಕೂಸು ಹೆತ್ತಳು, ಇಬ್ಬರೂ ಕ್ಷೇಮ. ಹೊಳೆ ಇಳಿದ ಮೇಲೆ ಕಚೇರಿಯ ಸಾಹೇಬರು ಗಡ್ಡಿಗೆ ಬಂದರು. ಕೈಯಲ್ಲಿ ಫೈಲು. "ಏನಮ್ಮಾ, ಸುತ್ತಲ ಊರಿನ ವಾಕಿಗಳೆಲ್ಲ ಕರೆಂಟಿಲ್ಲದೆ ಬಂದ್ ಆಗಿದ್ದವು. ನಿಮ್ಮ ಗಡ್ಡಿಯ ಮಾತೊಂದೇ ದಂಡೆಗೆ ಸ್ಪಷ್ಟವಾಗಿ ಬಂತಂತೆ. ಯಾವುದರ ಮೇಲೆ ನಡೆಸಿದಿರಿ?"

ಹುಲಿಗೆಮ್ಮ ಸೆರಗು ಸರಿಮಾಡಿಕೊಂಡಳು. ಬಾಗಿಲಿಗೆ ಒರಗಿ ನಿಂತಿದ್ದ ಮಗನ ಕಡೆ ನೋಡಿದಳು. ಓವರ್ ಅನ್ನುವಾಗಲೂ ಅವಳ ಮುಖ ಅಷ್ಟು ಬೆಳಗಿರಲಿಲ್ಲ.

"ನಮ್ದು ಜ್ವಾಳದ ರೊಟ್ಟಿ ಮ್ಯಾಲ ನಡೀತೈತ್ರಿ ಸಾಹೇಬ್ರ. ಎರಡೂ ಹೊತ್ತು."

ಸಾಹೇಬರು ನಕ್ಕರು, ಊರವರು ನಕ್ಕರು. ಯಮನೂರ ನಗಲಿಲ್ಲ. ಗಮನವಿಟ್ಟು ಕೇಳಿಸಿಕೊಂಡ.

ಸಂಜೆ ಹುಲಿಗೆಮ್ಮ ಗುಂಡಿ ಒತ್ತಿದರೆ ವಾಕಿ ಉಸಿರೆತ್ತಲಿಲ್ಲ. ತಿರುಗಿಸಿ ನೋಡಿದಳು. ಬ್ಯಾಟರಿ ಕೂರುವ ಗೂಡಿನಲ್ಲಿ ಬ್ಯಾಟರಿ ಇರಲಿಲ್ಲ. ನಾಲ್ಕು ಮಡಿಕೆ ಮಾಡಿದ ರೊಟ್ಟಿ ಇತ್ತು, ಮೇಲೆ ಒಂದಿಷ್ಟು ಶೇಂಗಾ ಚಟ್ನಿ.

ಅವಳು ಮಗನನ್ನು ನೋಡಿದಳು. ಮಗ ಅವಳನ್ನು ನೋಡಿದ.

"ರೊಟ್ಟಿ ಸರಿ. ಚಟ್ನಿ ಯಾಕ ಹಚ್ಚಿದ್ಯೋ?"

"ಬರೇ ರೊಟ್ಟಿ ನನಗ ಇಳಿಯಂಗಿಲ್ಲವ್ವಾ, ಇದಕ್ಕ ಹೆಂಗ ಇಳದೀತು?"