ಬೋರಲಿಂಗ ಅಣಬೆ ತಂದದ್ದು

ಓದುವ ಹಿರಿಯರಿಗೆ ಮೊದಲೇ ಕೈಮುಗಿಯುತ್ತೇನೆ. ನಾನು ಮೂರನೆಯ ತರಗತಿಯ ಆಚೆಗೆ ಕಲಿತವಳಲ್ಲ. ಅಂಗಡಿ ಸಾಮಾನಿನ ಚೀಟಿಯ ಹೊರತು ಈ ಕೈ ಇದುವರೆಗೆ ಏನನ್ನೂ ಬರೆದಿಲ್ಲ. ಅಕ್ಷರಗಳು ಸೊಟ್ಟಗಿವೆ, ಮಾತುಗಳೂ ನೆಟ್ಟಗಿರಲಾರವು. ಹುಣಸೆಹಣ್ಣು ಬಿಡಿಸುವಾಗ ನಾನು ಹೇಳುತ್ತಿದ್ದ ಕತೆಯನ್ನು ಬರೆದಿಡು ಎಂದು ಜೊತೆಯ ಹೆಂಗಸರು ಬಲವಂತ ಮಾಡಿದ್ದರಿಂದ, ನಾಚಿಕೆಯನ್ನು ಬದಿಗಿಟ್ಟು ಕುಳಿತಿದ್ದೇನೆ.

ಮನೆಗಳಿಗಿಂತ ಹುತ್ತಗಳೇ ಹೆಚ್ಚಾಗಿದ್ದ ಒಂದು ಊರು. ಆ ಊರಿನಲ್ಲಿ ಸಣ್ಣತಾಯಮ್ಮ ಎಂಬ ಹೆಂಗಸು, ಅವಳಿಗೆ ಬೋರಲಿಂಗ ಎಂಬ ಮಗ. ಮಗನಿಗೆ ಇಪ್ಪತ್ತಾರು ವರ್ಷ, ಎತ್ತಿನಂಥ ಮೈ, ತಾಯಿಯ ಮಾತನ್ನು ಒಂದು ಕೂದಲಿನಷ್ಟೂ ಮೀರದ ಗುಣ. ತಾಯಿಯ ಬಾಳು ಕೆಟ್ಟದ್ದೇ ಆ ಗುಣದಿಂದ. ಕೋಳಿಗೆ ಕಾಳು ಹಾಕು ಎಂದರೆ ಹಾಕುವನು. ಸಾಕು ಎನ್ನುವವರೆಗೆ ಹಾಕುತ್ತಲೇ ಇರುವನು. ಸಾಕು ಎನ್ನುವುದನ್ನು ಸಣ್ಣತಾಯಮ್ಮ ಮರೆತ ದಿನ ಮನೆಯ ರಾಗಿಯೆಲ್ಲ ಅಂಗಳದಲ್ಲಿತ್ತು.

ಆ ವರ್ಷ ಮಗಳು ಪುಟ್ಟಗೌರಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಏಳು ತಿಂಗಳು ತುಂಬಿದ್ದರೂ ತುತ್ತು ಗಂಟಲಿನಲ್ಲಿ ಇಳಿಯದು, ಇಳಿದದ್ದು ಹೊಟ್ಟೆಯಲ್ಲಿ ನಿಲ್ಲದು. ಕೈಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಏನು ತಿನ್ನಬೇಕೆನಿಸುತ್ತದೆ ಎಂದು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: “ಹುತ್ತದ ಅಣಬೆ ಸಾರಿದ್ರೆ ಒಂದು ಮುದ್ದೆ ಉಣ್ತಿದ್ದೆ ಕಣವ್ವ.”

ಹುತ್ತದ ಅಣಬೆಯೆಂದರೆ ಬೇಕೆಂದಾಗ ಸಿಗುವ ಬದನೆಕಾಯಲ್ಲ. ಗುಡುಗು ಮಳೆ ಹುಯ್ದ ಮೇಲೆ ವರ್ಷಕ್ಕೊಮ್ಮೆ ಏಳುತ್ತದೆ, ಎರಡು ಮೂರು ದಿನಗಳಲ್ಲಿ ಕೊಳೆತುಹೋಗುತ್ತದೆ. ಅಣಬೆ ಏಳುವ ಹುತ್ತವನ್ನು ಕಂಡವರು ಯಾರಿಗೂ ಹೇಳುವುದಿಲ್ಲ, ಹೇಳೆಂದು ಯಾರೂ ಕೇಳುವುದಿಲ್ಲ. ಅದು ಆ ಊರಿನ ಕಟ್ಟಳೆ. ಆದರೆ ಒಮ್ಮೆ ಬಯಲಾಯಿತೆಂದರೆ ಅದು ಎಲ್ಲರ ಹುತ್ತ. ಕೆರೆಯ ಆಚೆ, ಲಂಟಾನದ ಪೊದೆಯ ಹಿಂದಿದ್ದ ಒಂದು ಹುತ್ತವನ್ನು ಸಣ್ಣತಾಯಮ್ಮ ಮೂವತ್ತು ವರ್ಷ ಹೀಗೆಯೇ ಕಾಪಾಡಿಕೊಂಡಿದ್ದಳು. ಪಕ್ಕದ ಮನೆಯ ಹೊನ್ನಾಜಮ್ಮ ಎರಡು ಸಲ ಹಿಂಬಾಲಿಸಿ ಬಂದಾಗಲೂ ಸೌದೆ ಆಯುವವಳಂತೆ ನಟಿಸಿ ಬರಿಗೈಯಲ್ಲಿ ಹಿಂತಿರುಗಿದ್ದಳು. ಅಂಥವಳು ಈ ಸಲ ಗುಡುಗಿನ ಮಾರನೆಯ ದಿನವೇ ಅಂಗಳದ ಪಾಚಿಯಲ್ಲಿ ಜಾರಿ ಕಾಲು ಉಳುಕಿಸಿಕೊಂಡಳು. ಬೇರೆ ದಾರಿಯಿಲ್ಲದೆ ಮಗನನ್ನು ಕರೆದು ಹುತ್ತದ ಗುರುತು ಹೇಳಿದಳು. ಬೆಳ್ಳಗಿರುತ್ತದೆ, ಕೊಡೆಯಂತಿರುತ್ತದೆ, ಕಿತ್ತು ತಾ, ಬರಿಗೈಯಲ್ಲಿ ಮಾತ್ರ ಬರಬೇಡ ಎಂದಳು.

ಬೋರಲಿಂಗ ಹೋಗಿ ನೋಡಿದ. ಹುತ್ತದಲ್ಲಿ ಇನ್ನೂ ಏನೂ ಎದ್ದಿರಲಿಲ್ಲ. ಬರಿಗೈಯಲ್ಲಿ ಹೋಗುವಂತಿರಲಿಲ್ಲವಲ್ಲ, ಬರುವ ದಾರಿಯಲ್ಲಿ ತಿಪ್ಪೆಯ ಮೇಲೆ ಬೆಳ್ಳಗೆ ಕೊಡೆಯಂತೆ ನಿಂತಿದ್ದ ನಾಯಿಕೊಡೆಗಳನ್ನು ಮಡಿಲು ತುಂಬ ಕಿತ್ತು ತಂದ.

ಸಣ್ಣತಾಯಮ್ಮ ಅವುಗಳನ್ನು ಕಂಡು ಹಣೆ ಬಡಿದುಕೊಂಡಳು. ತಿಪ್ಪೆಯ ನಾಯಿಕೊಡೆ ವಿಷವೆಂದು ಎಳೆಮಕ್ಕಳಿಗೂ ಗೊತ್ತಿದೆ ಎಂದು ಬೈದು, ಅವನ್ನೆಲ್ಲ ಹೊರಗೆ ಎಸೆಸಿದಳು. “ಹುತ್ತದ ಮೇಲಿರೋದನ್ನ ಮಾತ್ರ ಕಿತ್ಕೊಂಡು ಬಾರ್ಲಾ” ಎಂದಳು.

ಆಗಲಿ ಅವ್ವ ಎಂದ ಬೋರಲಿಂಗ.

ಮರುದಿನವೂ ಹುತ್ತ ಬೋಳಾಗಿಯೇ ಇತ್ತು. ಬೋರಲಿಂಗ ಯೋಚಿಸಿದ. ತಿಪ್ಪೆಗೆ ಹೋಗಿ ನಾಯಿಕೊಡೆಗಳನ್ನು ಕಿತ್ತು ತಂದ. ಒಂದೊಂದನ್ನೇ ಹುತ್ತದ ಮೇಲೆ ಸಾಲಾಗಿ ನೆಟ್ಟ. ದೂರ ನಿಂತು ನೋಡಿ ಸಂತೋಷಪಟ್ಟ. ಆಮೇಲೆ ಹುತ್ತದ ಮೇಲಿದ್ದವನ್ನು ಕಿತ್ತುಕೊಂಡು ಮನೆಗೆ ಬಂದ.

ಹುತ್ತದ್ದೇ ಎಂದು ಅಣ್ಣ ಆಣೆಯಿಟ್ಟು ಹೇಳಿದ್ದರಿಂದ ಪುಟ್ಟಗೌರಿ ಆಸೆಯಿಂದ ತೊಳೆದು ಈಳಿಗೆಮಣೆಯ ಮುಂದೆ ಕುಳಿತೂಬಿಟ್ಟಿದ್ದಳು. ಸಣ್ಣತಾಯಮ್ಮ ಗೋಡೆ ಹಿಡಿದು ಕುಂಟುತ್ತ ಬಂದು ಇಣುಕಿ ನೋಡಿದಳು. ಅವಳು ಮೂವತ್ತು ವರ್ಷದಿಂದ ಕಿತ್ತ ಆ ಹುತ್ತದ ಅಣಬೆಗೆ ನೆಲದಾಳಕ್ಕೆ ಇಳಿದ ಗೇಣುದ್ದದ ಬೇರು. ಇವಕ್ಕೆ ಮೋಟು ಕಾಲು, ಕಾಲಿನ ತುದಿಯಲ್ಲಿ ಸಗಣಿ. ಮಗಳ ಕೈಯಲ್ಲಿದ್ದುದನ್ನು ಬಡಿದು ಬೀಳಿಸಿದಳು.

“ಒಡಹುಟ್ಟಿದವಳನ್ನ ಮಸಣಕ್ಕೆ ಕಳಿಸ್ತಿದ್ದೆಯಲ್ಲೋ. ಎಲ್ಲಿ ಕಿತ್ತೆ?”

“ಹುತ್ತದ ಮೇಲೇ ಕಿತ್ತೆ ಕಣವ್ವ. ನೆಟ್ಟವನೂ ನಾನೇ, ಕಿತ್ತವನೂ ನಾನೇ.”

ಸಣ್ಣತಾಯಮ್ಮ ಕೋಪದಿಂದ ಉಳಿದವನ್ನೂ ಹೊರಗೆ ಎಸೆದಳು. ಇನ್ನು ನೀನು ಏನನ್ನೂ ಕೀಳಲೇಬೇಡ, ಎಲ್ಲಿ ಹುಟ್ಟಿದೆಯೋ ಆ ನೆಲೆಯ ಸಮೇತ ತಂದು ತೋರಿಸು, ಒಳ್ಳೆಯದೋ ಕೆಟ್ಟದ್ದೋ ನಾನು ಹೇಳುತ್ತೇನೆ ಎಂದಳು. ಬೇರಿನ ಜೊತೆ ಒಂದು ಹಿಡಿ ಮಣ್ಣು ಬರಲಿ ಎಂಬುದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಆಗಲಿ ಅವ್ವ ಎಂದ ಬೋರಲಿಂಗ.

ಮೂರನೆಯ ದಿನ ಅವನು ದೂರ ಹೋಗಬೇಕಾಗಲೇ ಇಲ್ಲ. ಹೊನ್ನಾಜಮ್ಮನ ಬಚ್ಚಲುಮನೆಯ ಬಾಗಿಲು ಹಳೆಯ ಮಾವಿನ ಹಲಗೆಯದು. ವರ್ಷಗಟ್ಟಲೆ ನೀರು ಕುಡಿದು ಅದರ ಬುಡದಲ್ಲಿ ಕಿವಿಯಾಕಾರದ ಅಣಬೆಗಳು ಮೂಡಿದ್ದವು. ಬೋರಲಿಂಗ ಒಂದನ್ನೂ ಕೀಳಲಿಲ್ಲ. ನೆಲೆಯ ಸಮೇತ ಎತ್ತಿದ. ಬಾಗಿಲು ತಲೆಯ ಮೇಲೆ ಬಂತು. ಹೊನ್ನಾಜಮ್ಮ ಒಳಗೇ ಉಳಿದಳು, ಅದೂ ಅರ್ಧ ಸ್ನಾನದಲ್ಲಿ.

ಆ ದಿನ ಹೊನ್ನಾಜಮ್ಮ ಗೋಣಿಚೀಲ ಸುತ್ತಿಕೊಂಡು ಬೇಲಿಯ ಬಳಿ ನಿಂತು ಆಡಿದ ಮಾತುಗಳನ್ನು ನಾನು ಬರೆಯಲಾರೆ. ಇಂಥ ಮಗನನ್ನು ಹೆತ್ತ ಹೊಟ್ಟೆಯನ್ನು ಕುರಿತು ಅವಳು ಹೇಳಿದ್ದಂತೂ ಸಣ್ಣತಾಯಮ್ಮನಿಗೆ ಮುಳ್ಳಿನಂತೆ ನಾಟಿತು. ಬಾಗಿಲನ್ನು ಹಿಂದಿರುಗಿಸಿದರೂ ಚೌಕಟ್ಟಿನ ತಿರುಗಣೆ ಮುರಿದಿತ್ತು. ಬಡಗಿ ಬರುವವರೆಗೆ ಬಚ್ಚಲಿಗೆ ಗೋಣಿಚೀಲವೇ ಗತಿಯಾಯಿತು.

ಪುಟ್ಟಗೌರಿ ಅಂದೂ ಗಂಜಿಯನ್ನು ಕಕ್ಕಿದಳು. ಸಣ್ಣತಾಯಮ್ಮ ಮಗನನ್ನು ಎದುರಿಗೆ ಕೂರಿಸಿಕೊಂಡು, ಪ್ರತಿಯೊಂದು ಮಾತನ್ನೂ ಅಳೆದು ತೂಗಿ ಆಡಿದಳು. “ಕೀಳಬೇಡ. ಮುಟ್ಟಬೇಡ. ತರಬೇಡ. ಹುತ್ತದ ಹತ್ರ ಹೋಗು, ಅಣಬೆ ಕಂಡ ಕೂಡ್ಲೇ ನನ್ನ ಕರಿ. ಕುಂಟ್ಕೊಂಡಾದ್ರೂ ನಾನೇ ಬತ್ತೀನಿ.” ಇದರಲ್ಲಿ ತಪ್ಪುವುದಕ್ಕೆ ಏನೂ ಇಲ್ಲವೆಂದು ಅವಳಿಗೆ ತೋರಿತು.

ಆಗಲಿ ಅವ್ವ ಎಂದ ಬೋರಲಿಂಗ.

ನಾಲ್ಕನೆಯ ಬೆಳಗ್ಗೆ ಹುತ್ತದ ಸುತ್ತ ಮಲ್ಲಿಗೆ ಚೆಲ್ಲಿದಂತೆ ಅಣಬೆ ಎದ್ದಿತ್ತು. ಬೋರಲಿಂಗ ಕೀಳಲಿಲ್ಲ, ಮುಟ್ಟಲಿಲ್ಲ. ಕಂಡ ಕೂಡಲೇ ಕರೆಯಬೇಕಲ್ಲ. ನಿಂತಲ್ಲಿಯೇ ಎರಡು ಕೈಗಳನ್ನೂ ಬಾಯಿಗೆ ಹಿಡಿದು ಕರೆದ. “ಅವ್ವಾ, ಅಣಬೆ ಎದ್ದವೆ, ಲಂಟಾನದ ಹಿಂದೆ, ನಮ್ಮ ಹುತ್ತದಲ್ಲಿ, ಬಾ!”

ಅವನ ಗಂಟಲೂ ಎತ್ತಿನದೇ. ಕೆರೆ ದಾಟಿ, ಊರು ದಾಟಿ, ಆಚೆಯ ಹೊಲದವರೆಗೂ ಅದು ಕೇಳಿಸಿತು. ಮೊರ, ಕುಕ್ಕೆ, ಕೊಡಪಾನ ಹಿಡಿದು ಊರಿಗೆ ಊರೇ ಓಡಿತು. ಎಲ್ಲರಿಗಿಂತ ಮುಂದೆ ಹೊನ್ನಾಜಮ್ಮ. ಸಣ್ಣತಾಯಮ್ಮ ಕೋಲೂರಿಕೊಂಡು ತಲುಪುವ ಹೊತ್ತಿಗೆ ಹುತ್ತದಲ್ಲಿ ಉಳಿದದ್ದು ಗುಳಿಗಳು ಮಾತ್ರ. ಬೋರಲಿಂಗ ಕೈಕಟ್ಟಿ ನಿಂತಿದ್ದ.

ಮನೆಯಲ್ಲಿ ಬಸುರಿ ಇರುವುದು ಊರಿಗೆಲ್ಲ ಗೊತ್ತಿತ್ತು. ಒಬ್ಬರಾದರೂ ಒಂದು ಹಿಡಿಯನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷದ ಗುಟ್ಟು ಹೋದದ್ದಕ್ಕಿಂತ ಅದು ಅವಳ ಕರುಳನ್ನು ಹೆಚ್ಚು ಸುಟ್ಟಿತು. ನೀನಾದರೂ ನಾಲ್ಕು ಕಿತ್ತಿಟ್ಟುಕೊಳ್ಳಬಾರದಿತ್ತೇ ಎಂದು ಮಗನ ಮೇಲೆ ಹರಿಹಾಯ್ದಳು.

“ಮುಟ್ಟಬೇಡ ಅಂದಿದ್ದೆಯಲ್ಲವ್ವ. ನಾನು ನೆಟ್ಟಿದ್ದನ್ನೂ ಮುಟ್ಟಲಿಲ್ಲ.”

“ನೆಟ್ಟಿದ್ದನ್ನ?”

ಮೊನ್ನೆ ನೆಟ್ಟ ನಾಯಿಕೊಡೆಗಳಲ್ಲಿ ನಾಲ್ಕನ್ನು ಚೆಂದಕ್ಕೆಂದು ಹುತ್ತದ ನೆತ್ತಿಯಲ್ಲೇ ಬಿಟ್ಟಿದ್ದನಂತೆ. ಸಣ್ಣತಾಯಮ್ಮ ನೆತ್ತಿಯನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆ ನಾಲ್ಕೂ ಯಾರದೋ ಮೊರದಲ್ಲಿ ಊರು ಸೇರಿದ್ದವು. ಕೋಪವನ್ನೆಲ್ಲ ಮರೆತು ಅವಳು ಮಗನ ರಟ್ಟೆ ಹಿಡಿದು ಊರಿನ ಕಡೆಗೆ ನೂಕಿದಳು.

“ಓಡ್ಲಾ. ನಾನು ನೋಡ್ದೆ ಯಾವ ಮನೇಲೂ ಒಲೆ ಮೇಲೆ ಏನೂ ಬೇಯಬಾರ್ದು. ಓಡು.”

ಆಗಲಿ ಅವ್ವ ಎಂದು ಬೋರಲಿಂಗ ಓಡಿದ. ಸಣ್ಣತಾಯಮ್ಮ ಕುಂಟುತ್ತ ಮನೆ ತಲುಪಿದಾಗ ಅವಳ ಅಂಗಳದಲ್ಲಿ ಊರಿನ ಅಡುಗೆಮನೆಗಳೆಲ್ಲ ಸಾಲಾಗಿ ಕುಳಿತಿದ್ದವು. ಅಣಬೆ ತುಂಬಿದ ಮೊರಗಳು, ಕುಕ್ಕೆಗಳು, ಒಲೆಯಿಂದ ಎತ್ತಿ ತಂದ ಮಡಕೆಗಳು. ಬೇಲಿಯ ಹೊರಗೆ ಊರಿನವರು ಸೌಟು ಹಿಡಿದು ಬೈಯುತ್ತಿದ್ದರು. ಬೋರಲಿಂಗ ಬಾಗಿಲಿಗೆ ಅಡ್ಡ ನಿಂತು ಅವ್ವ ನೋಡುವವರೆಗೆ ಬಿಡುವುದಿಲ್ಲ ಎನ್ನುತ್ತಿದ್ದ.

ಸಣ್ಣತಾಯಮ್ಮ ನೆಲದ ಮೇಲೆ ಕುಳಿತು ಒಂದೊಂದು ಅಣಬೆಯ ಬೇರನ್ನೂ ತಿರುವಿ ನೋಡಿದಳು. ಎಂಟನೆಯ ಮೊರದಲ್ಲಿ ನಾಲ್ಕು ಮೋಟು ಕಾಲುಗಳು, ತುದಿಯಲ್ಲಿ ಸಗಣಿ. ಆ ಮೊರವನ್ನು ಎತ್ತಿ ಜನರಿಗೆ ತೋರಿಸಿದಳು. ಬೈಯುತ್ತಿದ್ದವರು ಸೌಟು ಕೆಳಗಿಳಿಸಿದರು. ಮೊರ ಹೊನ್ನಾಜಮ್ಮನದು. ಅದರಲ್ಲಿದ್ದದ್ದಷ್ಟನ್ನೂ ಗುಂಡಿಗೆ ಸುರಿಸಿದಳು.

“ಬಸುರಿ ಇರೋ ಮನೆ ದಾಟ್ಕೊಂಡು ಹೋದ್ರಲ್ಲ, ಒಂದು ಹಿಡಿಗೂ ಗತಿಯಿಲ್ದೆ ಹೋಯ್ತಾ ನಿಮ್ಮ ಮನಸು?” ಎಂದು ಕೇಳಿದಳು. ಉಳಿದ ಒಂದೊಂದು ಮನೆಯ ಪಾಲಿನಿಂದ ಒಂದೊಂದು ಹಿಡಿಯನ್ನು ಅವಳೇ ಎತ್ತಿ ಮಗಳ ಮಡಿಲಿಗೆ ಹಾಕಿದಳು. ಪುಟ್ಟಗೌರಿ ಅಂದು ಒಂದಲ್ಲ, ಎರಡು ಮುದ್ದೆ ಉಂಡಳು. ಅದು ಆಮೇಲಿನ ಮಾತು.

ಸಾಲಿನ ಕೊನೆಯಲ್ಲಿ ಇನ್ನೂ ಒಂದು ಪಾತ್ರೆ ಉಳಿದಿತ್ತು. ದೊಡ್ಡ ತಾಮ್ರದ ತಪ್ಪಲೆ, ಮೇಲೆ ಮುಚ್ಚಳ, ಅಂಚಿನಿಂದ ಹಬೆ. ಮುಚ್ಚಳ ತೆಗೆದರೆ ಬರೀ ನೀರು. ಇದನ್ನೇಕೆ ತಂದೆ ಎಂದು ಸಣ್ಣತಾಯಮ್ಮ ಕೇಳಿದಳು.

“ಒಲೆ ಮೇಲಿತ್ತು ಕಣವ್ವ. ಒಳಗೇನಿದೆ ಅಂತ ನೋಡೋದು ನಿನ್ನ ಕೆಲಸ ಅಲ್ವಾ?”

ಅಷ್ಟರಲ್ಲಿ ಪಕ್ಕದ ಮನೆಯ ಬಚ್ಚಲಿನ ಗೋಣಿಚೀಲ ಅಲುಗಿತು. ಹುತ್ತದ ಕೆಸರು ತೊಳೆಯಲು ಕುಳಿತಿದ್ದ ಹೊನ್ನಾಜಮ್ಮ ತಲೆತುಂಬ ಸೀಗೆಪುಡಿ ಮೆತ್ತಿಕೊಂಡು, ಕಣ್ಣು ಬಿಡಲಾಗದೆ, ತನ್ನ ಬಿಸಿನೀರು ಎಲ್ಲಿ ಹೋಯಿತೆಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಇಷ್ಟೇ ಕತೆ. ಬರೆದದ್ದರಲ್ಲಿ ತಪ್ಪಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.