ಪಾಕದ ಗುಟ್ಟು

ಬನ್ನಿ ಮಕ್ಕಳಾ, ಕಾಲು ಚಾಚಿ ಕೂತ್ಕೊಳ್ಳಿ, ಸಾಕವ್ವನ ಕಥೆ ಹೇಳ್ತೀನಿ.

ನಮ್ಮೂರ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುತ್ತಿದ್ದವನು ಚಿಕ್ಕಂಕಯ್ಯ. ಕಬ್ಬಿನಹಾಲು ಹದಕ್ಕೆ ಬರುವಾಗ ಎಲ್ಲರನ್ನೂ ಹೊರಗೆ ಅಟ್ಟುತ್ತಿದ್ದ. ಒಂದು ದಿನ, "ನಾಳೆಯಿಂದ ನಾನು ಬರಲ್ಲ. ಎಲ್ಲರೂ ಕಾಲಿಗೆ ಬಿದ್ದರೆ ನೋಡೋಣ" ಅಂದುಬಿಟ್ಟ. ಅವನಿಲ್ಲದಿದ್ದರೆ ಆಲೆಮನೆಗೆ ಬೀಗ. ಹತ್ತು ಮನೆಯ ಒಲೆ ಉರಿಯೋದಿಲ್ಲ.

ಅವತ್ತೇ ಅವನು ಒಳಗೆ ಪಾಕ ನೋಡುತ್ತಿದ್ದಾಗ, ಕಬ್ಬು ಹೊರುವ ಸಾಕವ್ವ ಬಾಗಿಲಾಚೆ ನಿಂತು, ಬೆಂಕಿ ಉರಿಸುವ ಬೋರಣ್ಣನಿಗೆ ಕೂಗಿ ಹೇಳಿದಳು: "ಗುಟ್ಟು ತಿಳೀತು ಕಣಣ್ಣ! ನೊರೆ ಕೆಂಪಾದರೆ ಇಳಿಸೋದು, ಅಷ್ಟೇ. ಪಕ್ಕದೂರ ಮಂಚಯ್ಯನೇ ಚಿಕ್ಕಂಕಯ್ಯನಿಗೆ ಕಲಿಸಿದ್ದಂತೆ!"

ಚಿಕ್ಕಂಕಯ್ಯ ಸೌಟು ಹಿಡಿದೇ ಹಾರಿ ಬಂದ. "ಯಾವಳೇ ಅವಳು? ಆ ಮಂಚ ನನಗೆ ಕಲಿಸೋದಾ? ನೊರೆ ನೋಡಿ ಇಳಿಸಿದರೆ ಬೆಲ್ಲವಲ್ಲ, ಅಂಟು! ಪಾಕ ತಣ್ಣೀರಿಗೆ ಬಿಟ್ಟು ಉಂಡೆ ಕಟ್ಟಬೇಕು. ತಟ್ಟೆಗೆ ಹೊಡೆದರೆ ಟಣ್ ಅನ್ನಬೇಕು!"

ಅವನು ಮಂಚಯ್ಯನ ವಂಶವನ್ನೆಲ್ಲ ಬೈಯುತ್ತಿದ್ದರೆ ಒಳಗೆ ಪಾಕ ಇನ್ನೇನು ಸೀಯುವುದರಲ್ಲಿತ್ತು. ಸಾಕವ್ವ ಒಳಗೋಡಿದಳು. ಉಂಡೆ ಕಟ್ಟಿದಳು. ಹೊಡೆದಳು. ಟಣ್!

"ಕೊಪ್ಪರಿಗೆ ಇಳಿಸ್ರೋ!"

ಚಿಕ್ಕಂಕಯ್ಯ ಸೌಟು ಹಿಡಿದು ಒಳಗೋಡಿ ಬರುವಷ್ಟರಲ್ಲಿ ಬೆಲ್ಲ ಅಚ್ಚಿಗೆ ಬಿದ್ದಿತ್ತು.

ಯಾರೂ ಅವನ ಕಾಲಿಗೆ ಬೀಳಲಿಲ್ಲ. ಸಾಕವ್ವ ಬಾಗಿಲು ತೆರೆದಿಟ್ಟೇ ಪಾಕ ನೋಡಿದಳು, ಬೋರಣ್ಣನೂ ಕಲಿತ. ಚಿಕ್ಕಂಕಯ್ಯ ಬೇರೆ ಊರು ಸೇರಿ, "ನನ್ನ ಬಾಯಿಂದ ಗುಟ್ಟು ಹೊರಡಿಸಿದವರೇ ಇಲ್ಲ" ಅಂತ ಸಾಯೋವರೆಗೂ ಮೀಸೆ ತಿರುವಿದ.