ಹಣೆಗೆ ಹಚ್ಚದ ಮಣ್ಣು

ಶಿಷ್ಯ ಕೇಳಿದ: “ಗುರುಗಳೇ, ತಂಗಿ ಕಲ್ಲವ್ವನಿಗೆ ರಕ್ತದ ಕ್ಯಾನ್ಸರ್. ಎಲುಬಿನೊಳಗೆ ಹುಟ್ಟುವ ಬಿಳಿ ಕಣಗಳಿಗೆ ‘ಬಲಿತು ಕಾವಲಿಗೆ ಹೋಗಿ’ ಎಂದು ಹೇಳುವ ಪ್ರೋಟೀನು ಕೆಟ್ಟಿದೆಯಂತೆ. ಅವು ಬಲಿಯದೆ ಹೆಚ್ಚುತ್ತಲೇ ಇವೆ. ಅಣ್ಣ ಬಂದನೆ ಎಂದು ಅವಳು ದಿನವೂ ಕೇಳುತ್ತಾಳಂತೆ. ನನ್ನ ಪಾಠವೋ ಇನ್ನೂ ಮುಗಿದಿಲ್ಲ. ಕಾಯಬೇಕಾದವರೇ ದ್ರೋಹ ಮಾಡಿದರೆ ಯಾರನ್ನು ನಂಬುವುದು?”

ಗುರುಗಳು ದಣಿದಿದ್ದರು. ಗೋಡೆಗೆ ಒರಗಿಯೇ ಹೇಳಿದರು.

ಒಂದು ಕೋಟೆ. ಅದರ ನಡುವೆ ಒಂದು ಗರಡಿಮನೆ. ಕಾವಲಿನ ಆಳುಗಳು ಅಲ್ಲಿಯೇ ತಯಾರಾಗಬೇಕು. ಪಳಗಿದವನ ಹಣೆಗೆ ಉಸ್ತಾದ ಗರಡಿಯ ಮಣ್ಣು ಹಚ್ಚಿ, “ಸಾಕು, ಬಾಗಿಲಿಗೆ ಹೋಗು” ಅನ್ನುತ್ತಿದ್ದ. ಆ ಮಾತು ಬೀಳದೆ ಯಾರೂ ಗರಡಿ ಬಿಡುವಂತಿರಲಿಲ್ಲ.

ಒಂದು ದಿನ ಉಸ್ತಾದನಿಗೆ ಲಕ್ವ ಹೊಡೆಯಿತು. ನಾಲಗೆ ಬಿತ್ತು, ಕೈ ಬಿತ್ತು. ಅವನು ಬದುಕಿರುವಾಗ ಇನ್ನೊಬ್ಬ ಆ ಮಾತು ಹೇಳುವುದು ಅಪಚಾರವೆಂದು ಊರು ಸುಮ್ಮನಾಯಿತು. ಗರಡಿಗೆ ಹೊಸಬರು ಬರುತ್ತಲೇ ಇದ್ದರು. ಹೊರಗೆ ಹೋಗುವವರಿಲ್ಲ. ಕಣಜದ ಜೋಳವೆಲ್ಲ ಅವರ ಹೊಟ್ಟೆಗೇ ಹೋಯಿತು. ಊರು ಉಪವಾಸ ಬಿತ್ತು. ಬಾಗಿಲಲ್ಲಿ ಇಬ್ಬರು ಮುದುಕರು ಈಟಿಗೆ ಒರಗಿ ನಿಂತೇ ಇದ್ದರು.

ಕಳ್ಳರು ಬಂದರು. ಹೋಗುವಾಗ ಒಬ್ಬ ಗರಡಿಯೊಳಗೆ ಇಣುಕಿದ. “ಏನ್ರೋ ಪೈಲ್ವಾನರೇ, ನಿಮ್ಮ ಊರನ್ನೇ ಹೊತ್ತುಕೊಂಡು ಹೋಗ್ತಿದೀವಿ, ಒಂದು ಕೈ ಕೊಡ್ತೀರಾ?”

“ಉಸ್ತಾದರು ಇನ್ನೂ ಹೇಳಿಲ್ಲ,” ಎಂದು ಒಬ್ಬ ತೊಡೆ ತಟ್ಟಿದ.

ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಆಮೇಲೆ ಅವರನ್ನು ಏನು ಮಾಡಿದರು?”

“ದ್ರೋಹಿಗಳು, ಕಡಿಯಿರಿ ಎಂದರು ಊರವರು. ಬಹಳ ಮಂದಿಯನ್ನು ಕಡಿದರು. ಕೊನೆಗೆ ಬಾಗಿಲ ಮುದುಕನೊಬ್ಬ ಬಂದು ಉಸ್ತಾದನ ಬಿದ್ದ ಕೈಯನ್ನು ಎತ್ತಿ ಹಿಡಿದ. ಆ ಕೈಯಿಂದಲೇ ಉಳಿದವರ ಹಣೆಗೆ ಮಣ್ಣು ಹಚ್ಚಿ, ಮಾತನ್ನು ತಾನೇ ಹೇಳಿದ. ಎಲ್ಲರೂ ಏಳಲಿಲ್ಲ, ಆದರೆ ಎದ್ದವರು ನೆಟ್ಟಗೆ ಬಾಗಿಲಿಗೆ ಹೋದರು.”

ಗುರುಗಳು ಕೇಳಿದರು. “ನೀನು ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು?”

“ಹನ್ನೊಂದು.”

ಗುರುಗಳು ಕಷ್ಟಪಟ್ಟು ಬಾಗಿ, ನೆಲದ ಮಣ್ಣು ಮುಟ್ಟಿ ಅವನ ಹಣೆಗೆ ಹಚ್ಚಿದರು.

“ನಾನೂ ಹೇಳಲು ತಡಮಾಡಿದೆ, ಏಳು, ಕಲ್ಲವ್ವನ ಹತ್ತಿರ ಹೋಗು.”